ಕಾರಣ ಸಂಖ್ಯೆ ನಾಲ್ಕು

ಸ್ಟೋನ್ ಲೈನ್, ಕೆ.ಜಿ.ಎಫ್.
೪ ಆಗಸ್ಟ್ ೨೦೨೫

ಮಾನ್ಯ ಹನುಮಂತರಾಯಪ್ಪನವರಿಗೆ ಶ್ಯಾಮಲಳ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ತಿಳಿಯದು. ಬಂಗಾರಪೇಟೆ ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಅರ್ಜಿ, ಅಫಿಡವಿಟ್ಟು ಟೈಪು ಮಾಡುವವಳು. ಇಪ್ಪತ್ತಾರು ವರ್ಷ ಊರಿನವರ ಕಷ್ಟವನ್ನೆಲ್ಲ ಟೈಪು ಮಾಡಿದೆ, ಈಗ ನಮ್ಮ ಮನೆಯದೇ ಬಂದು ಕೂತಿದೆ. ನಿಮ್ಮ ವಿಳಾಸ ಕೊಟ್ಟವರು ನಮ್ಮ ವಕೀಲರು ವೇಣುಗೋಪಾಲ್. "ಫೋನ್ ಮಾಡಬೇಡಿ, ಅವರಿಗೆ ಕಿವಿ ಮಂದ. ಕಾಗದ ಬರೀರಿ. ಬಂಧನದ ಕಡತ ಹೇಗೆ ಹುಟ್ಟುತ್ತೆ ಅಂತ ಗೊತ್ತಿರೋ ಹಳೇ ಶಿರಸ್ತೇದಾರರು ಅವರೊಬ್ಬರೇ ಉಳಿದಿರೋದು" ಎಂದರು.

ನನ್ನ ತಮ್ಮ ಮುನೀಂದ್ರ ರಾಬರ್ಟ್‌ಸನ್‌ಪೇಟೆಯಿಂದ ಬೇತಮಂಗಲಕ್ಕೆ ಆಟೋ ಓಡಿಸುತ್ತಾನೆ. ಜೂನ್ ತಿಂಗಳಲ್ಲಿ ಗಣಿ ಕಾರ್ಮಿಕರಿಗೆಂದು ಕಟ್ಟಿದ ನಮ್ಮ ಲೈನ್ ಮನೆಗಳನ್ನು ಅಳೆಯಲು ಜೀಪು ಬಂತು. ತುರ್ತು ಸಾರ್ವಜನಿಕ ಉದ್ದೇಶವಂತೆ, ಮನೆ ಬಿಡಬೇಕಂತೆ. ಅದರ ಹಿಂದೆಯೇ ಐದು ಜನ ಒಟ್ಟಿಗೆ ನಿಲ್ಲಬಾರದೆಂಬ ಆದೇಶವೂ ಬಂತು. ಹದಿನೈದು ದಿನಕ್ಕೆಂದು ಹೊರಡಿಸಿದ್ದನ್ನು ಈಗ ನಾಲ್ಕನೇ ಸಲ ಮುಂದುವರಿಸಿದ್ದಾರೆ. ನಾವು ನಾಲ್ಕರ ಲೆಕ್ಕದಲ್ಲಿ ಬದುಕಲು ಕಲಿತಿದ್ದೇವೆ. ನಲ್ಲಿಯ ಹತ್ತಿರ ನಮ್ಮ ಲೈನಿನ ಚಿಕ್ಕವೆಂಕಟಮ್ಮ ಎಣಿಸುತ್ತಾ ನಿಂತಿರುತ್ತಾಳೆ: "ಏಯ್, ನೀನು ಐದ್ನೇವ್ಳು ಕಣಮ್ಮೀ, ಆಚೀಕ್ ಓಗು! ಸರ್ಕಾರ ಬಿದ್ದೋಯ್ತದೆ!"

ಮುನೀಂದ್ರ ಕೇಳಿದ್ದು ಒಂದೇ ಮಾತು, ಯಾವ ಕಾಗದದ ಮೇಲೆ ಅಳೆಯುತ್ತಿದ್ದೀರಿ ತೋರಿಸಿ ಎಂದು. ತೋರಿಸಲಿಲ್ಲ. ಜೀಪಿನ ಮುಂದೆ ಕೂತ. ಜೊತೆಗೆ ಮೂವರು. ಒಟ್ಟು ನಾಲ್ಕು, ಲೆಕ್ಕ ತಪ್ಪಿರಲಿಲ್ಲ. ಜುಲೈ ೨೬ರ ಬೆಳಿಗ್ಗೆ ಬಂದು ಹಿಡಿದುಕೊಂಡು ಹೋದರು. ಮುಂಜಾಗ್ರತಾ ಬಂಧನ, ಒಂದು ವರ್ಷ, ಬಳ್ಳಾರಿ ಜೈಲು. ಕೇಸಿಲ್ಲ, ವಿಚಾರಣೆಯಿಲ್ಲ. ತಪ್ಪು ಮಾಡಿದ್ದಕ್ಕಲ್ಲ, ಮುಂದೆ ಮಾಡಬಹುದು ಎನ್ನುವುದಕ್ಕೆ. ಅಕ್ಕಿಗೆ ಹುಳ ಬೀಳಬಹುದೆಂದು ಯಾರಾದರೂ ಅಕ್ಕಿಯನ್ನೇ ಸುಡುತ್ತಾರೆಯೇ?

ಸೆಪ್ಟೆಂಬರ್ ೮ಕ್ಕೆ ಬೆಂಗಳೂರಿನಲ್ಲಿ ಸಲಹಾ ಮಂಡಳಿಯ ಮುಂದೆ ಅವನನ್ನು ನಿಲ್ಲಿಸುತ್ತಾರೆ. ಮೂವರು ನಿವೃತ್ತ ನ್ಯಾಯಮೂರ್ತಿಗಳು. ಅವರು ಬಂಧನ ಸರಿಯಲ್ಲ ಎಂದರೆ ಮುನೀಂದ್ರ ಮನೆಗೆ ಬರುತ್ತಾನೆ, ಸರಿ ಎಂದರೆ ವರ್ಷವಿಡೀ ಒಳಗೆ. ಇರುವುದು ಆ ಒಂದೇ ಬಾಗಿಲು. ಅದನ್ನು ಹೇಗೆ ತಟ್ಟಬೇಕು, ಹೇಳಿಕೊಡಿ.

ಇಂತಿ,
ಶ್ಯಾಮಲ

*

ಮಧುಗಿರಿ
೯-೮-೨೦೨೫

ವಿಷಯ: ಮುಂಜಾಗ್ರತಾ ಬಂಧನದ ಬಗ್ಗೆ ಸಲಹೆ ಕೋರಿಕೆ.
ಉಲ್ಲೇಖ: ತಮ್ಮ ಪತ್ರ, ದಿನಾಂಕ ೪-೮-೨೦೨೫.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ನಿವೃತ್ತನಾಗಿ ಹದಿನಾಲ್ಕು ವರ್ಷಗಳಾಗಿದ್ದು, ಪ್ರಸ್ತುತ ಕಾಯ್ದೆಗಳ ತಿದ್ದುಪಡಿಗಳನ್ನು ನಾನು ಪೂರ್ಣವಾಗಿ ಬಲ್ಲವನಲ್ಲ. ಆದಾಗ್ಯೂ ತಿಳಿದಷ್ಟನ್ನು ಬರೆಯುತ್ತೇನೆ.

ಮಂಡಳಿಯ ಮುಂದೆ ಅಳಬೇಡಿ, ಬೈಯಬೇಡಿ. ಅವರು ನೋಡುವುದು ಒಂದನ್ನೇ: ಆದೇಶಕ್ಕೆ ಸಹಿ ಮಾಡಿದ ಅಧಿಕಾರಿ ಈ ಮನುಷ್ಯನ ಬಗ್ಗೆ ಯೋಚಿಸಿ ಸಹಿ ಮಾಡಿದನೇ, ಅಥವಾ ಮುಂದಿಟ್ಟ ಕಾಗದಕ್ಕೆ ಮಾಡಿದನೇ. ಯೋಚಿಸಿಲ್ಲವೆಂದು ತೋರಿಸಿದರೆ ಆದೇಶ ನಿಲ್ಲುವುದಿಲ್ಲ. ಬಂಧನದ ಕಾರಣಗಳ ಪ್ರತಿಯನ್ನು ಒಂದು ಪುಟವನ್ನೂ ಬಿಡದೆ ಕಳುಹಿಸಿಕೊಡತಕ್ಕದ್ದು. ಬಂಧಿತರ ಪರವಾಗಿ ಸಾಕ್ಷಿಗಳನ್ನು ಹಾಜರುಪಡಿಸಲು ಅವಕಾಶವುಂಟು. ಇದನ್ನು ಬಹಳ ಜನ ಬಳಸುವುದೇ ಇಲ್ಲ.

ಇನ್ನೊಂದು ವಿವರ ಬೇಕಿದೆ. ತಮ್ಮ ತಂದೆಯವರ ಹೆಸರೇನು? ಸ್ಟೋನ್ ಲೈನಿನಲ್ಲಿ ತಮ್ಮ ಮನೆಯ ಸಂಖ್ಯೆ ಎಷ್ಟು?

ತಮ್ಮ ವಿಶ್ವಾಸಿ,
ಹನುಮಂತರಾಯಪ್ಪ

*

ಕೆ.ಜಿ.ಎಫ್.
೧೪ ಆಗಸ್ಟ್ ೨೦೨೫

ಮಾನ್ಯರೇ,

ಕಾಗದ ನೋಡಿ ಅಮ್ಮ ಬೆಚ್ಚಿಬಿದ್ದಳು. ವಿಷಯ, ಉಲ್ಲೇಖ ಎಂದೆಲ್ಲ ಇದ್ದದ್ದಕ್ಕೆ ಇನ್ನೊಂದು ಸರ್ಕಾರಿ ನೋಟೀಸು ಬಂತೆಂದುಕೊಂಡಳು. ಮನೆಯವರಿಗೂ ಹೀಗೆಯೇ ಬರೆಯುತ್ತೀರಾ? ನಿಮ್ಮ ಸಲಹೆ ಮಾತ್ರ ಬಂಗಾರ. ವೇಣುಗೋಪಾಲ್ ಎರಡು ಸಲ ಓದಿ ಫೈಲಿಗೆ ಸೇರಿಸಿಕೊಂಡರು.

ತಂದೆಯ ಹೆಸರು, ಮನೆ ಸಂಖ್ಯೆ ಫಾರಂ ತುಂಬುವುದಕ್ಕೆಂದು ಕೇಳಿರಬೇಕು. ಅಪ್ಪ ಪೆರುಮಾಳ್. ಮನೆ ನಂಬರ್ ೪೧. ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸ. ಹೋಗಿ ಇಪ್ಪತ್ತೇಳು ವರ್ಷವಾಯಿತು, ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು. ನಿಮಗೆ ಇದನ್ನೂ ಹೇಳಬೇಕು. ತುರ್ತು ಪರಿಸ್ಥಿತಿಯಲ್ಲಿ, ೧೯೭೬ರ ಫೆಬ್ರವರಿಯಲ್ಲಿ, ಅಪ್ಪನನ್ನೂ ಹೀಗೆಯೇ ಹಿಡಿದಿದ್ದರು. ಹನ್ನೊಂದು ತಿಂಗಳು, ಅದೇ ಬಳ್ಳಾರಿ. ನಾನು ಎಂಟು ತಿಂಗಳ ಕೂಸು. ಏಕೆ ಹಿಡಿದರೆಂದು ಯಾರೂ ಹೇಳಲಿಲ್ಲ, ಆಗ ಹೇಳಬೇಕೆಂಬ ಕಾನೂನೂ ಇರಲಿಲ್ಲವಂತೆ. ಅಷ್ಟರಮಟ್ಟಿಗೆ ತಮ್ಮ ಪುಣ್ಯವಂತ, ಅವನಿಗೆ ಆರು ಕಾರಣ ಬರೆದುಕೊಟ್ಟಿದ್ದಾರೆ.

ಪ್ರತಿ ಲಗತ್ತಿಸಿದ್ದೇನೆ. ನಾಲ್ಕನೇ ಕಾರಣ ಓದಿ:

"ಪಾಳಿ ಬದಲಾಗುವ ಸೈರನ್ ಕೂಗಿದೊಡನೆ ಗಣಿಬಾಯಿಯ ಬಳಿ ನೆರೆದ ಕಾರ್ಮಿಕರ ಮನದಲ್ಲಿ ಅಸಮಾಧಾನದ ಕಿಡಿಯನ್ನು ಬಿತ್ತಿ, ತಣ್ಣಗಿದ್ದ ಊರನ್ನು ಕೆಂಡದ ಮೇಲೆ ಕೂರಿಸಿದ ವ್ಯಕ್ತಿ."

ಗಣಿ ಮುಚ್ಚಿ ಇಪ್ಪತ್ನಾಲ್ಕು ವರ್ಷವಾಯಿತು ಸ್ವಾಮಿ! ಯಾವ ಪಾಳಿ, ಯಾವ ಸೈರನ್? ಗಣಿಬಾಯಿಯಲ್ಲಿ ಈಗ ನೆರೆಯುವುದು ಮೇಕೆಗಳು. ನಾವು ಗೆದ್ದೆವೆಂದುಕೊಂಡೆವು. ಆದರೆ ಮೊನ್ನೆ ಒಂದು ತಿದ್ದೋಲೆ ಬಂತು, "ಗಣಿಬಾಯಿ ಎಂಬಲ್ಲಿ ಕಾರ್ಖಾನೆಯ ಗೇಟು ಎಂದು ಓದಿಕೊಳ್ಳತಕ್ಕದ್ದು" ಎಂದು. ಕೈತಪ್ಪು ಎಂದರೆ ಮಂಡಳಿ ಒಪ್ಪಿಬಿಡಬಹುದೆಂದು ವೇಣುಗೋಪಾಲರಿಗೆ ಅಂಜಿಕೆ. ಇದು ಕೈತಪ್ಪಲ್ಲ, ಎಲ್ಲಿಂದಲೋ ಎತ್ತಿ ಅಂಟಿಸಿದ್ದು ಎಂದು ತೋರಿಸಬೇಕು. ಎಲ್ಲಿಂದ?

ಟೈಪು ಮಾಡುವವಳಾಗಿ ಒಂದು ಮಾತು. ಈಗಿನ ಗುಮಾಸ್ತರಿಗೆ ಇಂಥ ಕನ್ನಡ ಬರುವುದಿಲ್ಲ. ಕಿಡಿಯನ್ನು ಬಿತ್ತುವುದು! ಕೆಂಡದ ಮೇಲೆ ಕೂರಿಸುವುದು! ಇಷ್ಟು ಚೆಂದವಾಗಿ ಸುಳ್ಳು ಬರೆದವನು ಯಾರೋ, ಸಿಕ್ಕರೆ ಒಂದು ಹಾರ ಹಾಕಿ ಕೆನ್ನೆಗೆ ಎರಡು ಬಿಡಬೇಕು ಅನಿಸುತ್ತದೆ.

ಶ್ಯಾಮಲ

*

ಮಧುಗಿರಿ
೨೦-೮-೨೦೨೫

ವಿಷಯ: ದಾಖಲೆಗಳ ಹಿಂತಿರುಗಿಸುವಿಕೆ.
ಉಲ್ಲೇಖ: ತಮ್ಮ ಪತ್ರ, ದಿನಾಂಕ ೧೪-೮-೨೦೨೫.

ಮಾನ್ಯರೇ,

ಅನಾರೋಗ್ಯದ ನಿಮಿತ್ತ ತಮ್ಮ ಪ್ರಕರಣದಲ್ಲಿ ಹೆಚ್ಚಿನ ನೆರವು ನೀಡಲು ಅಸಮರ್ಥನಾಗಿದ್ದೇನೆ. ಕಳುಹಿಸಿದ್ದ ಹನ್ನೊಂದು ಪುಟಗಳನ್ನು ಲಗತ್ತಿಸಿ ಹಿಂತಿರುಗಿಸಿದೆ. ತಮ್ಮ ಪತ್ರದ ಕೊನೆಯ ಮಾತುಗಳ ಇಂಗಿತ ನನಗೆ ಅರ್ಥವಾಗಿದೆ.

ಹನುಮಂತರಾಯಪ್ಪ

*

ಕೆ.ಜಿ.ಎಫ್.
೨೭ ಆಗಸ್ಟ್ ೨೦೨೫, ಗಣೇಶನ ಹಬ್ಬ

ಹನುಮಂತರಾಯಪ್ಪನವರೇ,

ಯಾವ ಇಂಗಿತ? ನನ್ನ ಕಾಗದದಲ್ಲಿ ಇಂಗಿತಗಿಂಗಿತ ಏನೂ ಇರಲಿಲ್ಲ. ಇದ್ದದ್ದನ್ನೆಲ್ಲ ಬಾಯಿಬಿಟ್ಟೇ ಬರೆದಿದ್ದೆ. ನಿಮಗೆ ಏನೆಂದು ಅರ್ಥವಾಯಿತೋ ಕಾಣೆ, ನನಗಂತೂ ನಿಮ್ಮದು ಅರ್ಥವಾಯಿತು. ಪಿಂಚಣಿ ಬರುವ ಮನೆಗೆ ಭಯವೂ ತಿಂಗಳು ತಿಂಗಳು ತಪ್ಪದೆ ಬರುತ್ತದೆ.

ಒಂದು ಮಾತು ಕೇಳುತ್ತೇನೆ. ನೀವು ಹಿಂತಿರುಗಿಸಿದ ಪುಟದಲ್ಲಿ ನಾಲ್ಕನೇ ಕಾರಣದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಆಮೇಲೆ ಅಳಿಸಿದ್ದೀರಿ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಗೆರೆ ಎಳೆಯುವಷ್ಟು, ಅಳಿಸುವಷ್ಟು ಆರೋಗ್ಯ ಇತ್ತಲ್ಲ?

ಇವತ್ತು ಗಣೇಶನನ್ನು ಕೂರಿಸಿದ್ದೇವೆ. ಮೆರವಣಿಗೆಗೆ ಇನ್ನೂರು ಜನರಿಗೆ ಅನುಮತಿ ಕೊಟ್ಟಿದ್ದಾರೆ. ನೀರಿಗೆ ಮಾತ್ರ ನಾಲ್ಕೇ. "ಅಂಗಾದ್ರೆ ಗಣೇಸನ್ನೇ ನಲ್ಲಿ ಪಕ್ಕ ಕೂರ್ಸೋಣ, ಆಗ ಎಲ್ರೂ ನಿಂತ್ಕೋಬೌದು" ಎಂದು ಚಿಕ್ಕವೆಂಕಟಮ್ಮ ಹೇಳಿದಳು. ಕೂರಿಸಿಯೇಬಿಟ್ಟಳು. ಪೊಲೀಸರು ಬಂದು ನೋಡಿ, ಕೈಮುಗಿದು ಹೋದರು.

ನಗುತ್ತಾ ಬರೆಯುತ್ತಿದ್ದೇನೆಂದು ತಿಳಿಯಬೇಡಿ, ಹೊಟ್ಟೆ ಉರಿಯುತ್ತಿದೆ. ನಮ್ಮ ಅಪ್ಪ ಜೈಲಿನಿಂದ ಬಂದ ಮೇಲೆ ಇಪ್ಪತ್ತೊಂದು ವರ್ಷ ಬದುಕಿದ. ಆ ಇಪ್ಪತ್ತೊಂದು ವರ್ಷವೂ ಊಟಕ್ಕೆ ಕೂತಾಗ, ಅನ್ನ ಕಲಸುತ್ತಾ, "ಮಾರೀ, ನಾನು ಏನ್ ಮಾಡ್ದೆ?" ಎಂದು ಅಮ್ಮನನ್ನು ಕೇಳುತ್ತಿದ್ದ. ಯಾವ ಜಗಳಕ್ಕೂ ಹೋದವನಲ್ಲ. ಸಂಘದ ಚಂದಾ ಕೊಟ್ಟು ರಸೀದಿ ಇಟ್ಟುಕೊಂಡವನು, ಅಷ್ಟೆ. ಯಾರು ಹೆಸರು ಹೇಳಿರಬಹುದೆಂದು ಯೋಚಿಸಿ ಯೋಚಿಸಿ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟ. ಅಣ್ಣನ ಮನೆಗೆ ಹೋಗುವುದನ್ನೂ ಬಿಟ್ಟ. ಆ ಮನೆಗೂ ನಮಗೂ ಇವತ್ತಿಗೂ ಮಾತಿಲ್ಲ. ಸಾಯುವ ದಿನವೂ ಅದೇ ಪ್ರಶ್ನೆ.

ಆದ್ದರಿಂದ ಇದು ತಿಳಿದಿರಲಿ. ನೀವು ಬರೆಯದಿದ್ದರೂ ನಾನು ಹೋಗುತ್ತೇನೆ. ಮಂಡಳಿಯ ಮುಂದೆ ನಿಂತು, ಮೂವರ ಮುಖ ನೋಡಿ, ಸೈರನ್ ಯಾವತ್ತು ನಿಂತಿತೆಂದು ಹೇಳುತ್ತೇನೆ. ನನ್ನ ತಮ್ಮ ಆ ಪ್ರಶ್ನೆ ಇಟ್ಟುಕೊಂಡು ಮುದುಕನಾಗಲು ನಾನು ಬಿಡುವುದಿಲ್ಲ.

ಶ್ಯಾಮಲ

*

ಮಧುಗಿರಿ
೩೧ ಆಗಸ್ಟ್ ೨೦೨೫
ರಿಜಿಸ್ಟರ್ಡ್ ಅಂಚೆ

ಶ್ಯಾಮಲ ಅವರೇ,

ನಿಮಗೆ ಗೊತ್ತಾಗಿಯೇ ಆ ಹಾರ, ಕೆನ್ನೆಯ ಮಾತು ಬರೆದಿರೆಂದು ತಿಳಿದಿದ್ದೆ. ನಾನೇ ಎಂದು ಪತ್ತೆ ಹಚ್ಚಿ, ನನ್ನ ಬಾಯಿಂದಲೇ ಹೊರಡಿಸಲು ಆಡಿಸುತ್ತಿದ್ದೀರೆಂದುಕೊಂಡೆ. ನಿಮ್ಮ ಮೂರನೇ ಕಾಗದ ಓದಿದ ಮೇಲೆ ಗೊತ್ತಾಯಿತು, ನಿಮಗೆ ಏನೂ ಗೊತ್ತಿಲ್ಲ. ನಿಮ್ಮ ತಂದೆಗೂ ಗೊತ್ತಿರಲಿಲ್ಲ. ಗೊತ್ತಿರುವವನು ಭೂಮಿಯ ಮೇಲೆ ನಾನೊಬ್ಬನೇ.

ಆ ವಾಕ್ಯ ನನ್ನದು.

೧೯೭೬ರಲ್ಲಿ ನನಗೆ ಇಪ್ಪತ್ಮೂರು ವರ್ಷ. ನಿಮ್ಮ ಕಡೆಯ ಒಂದು ಕಚೇರಿಯಲ್ಲಿ ಕಿರಿಯ ಗುಮಾಸ್ತ. ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ಬಂದಿತ್ತು, ನನ್ನ ಕನ್ನಡದ ಬಗ್ಗೆ ನನಗೆ ಬಹಳ ಜಂಬವಿತ್ತು. ಆದೇಶಗಳು ಇಂಗ್ಲಿಷಿನಲ್ಲಿ ಹೋಗುತ್ತಿದ್ದವು. ಕಡತದೊಳಗೆ ಇಡುವ ಕಾರಣಗಳ ಟಿಪ್ಪಣಿಯನ್ನು ಕನ್ನಡದಲ್ಲಿ ನಾನು ಬರೆಯುತ್ತಿದ್ದೆ. ಅದನ್ನು ಬಂಧಿತನಿಗೆ ತೋರಿಸಬೇಕಾಗಿರಲಿಲ್ಲ. ಯಾರೂ ಓದುವುದಿಲ್ಲ ಎಂದಮೇಲೆ ಕೈಗೆ ಲಗಾಮು ಎಲ್ಲಿ?

ಫೆಬ್ರವರಿಯಲ್ಲಿ ಸಾಹೇಬರು ರಜೆ ಹಾಕಿ ಹೊರಟರು. ಹೋಗುವ ಮುಂಚೆ ಖಾಲಿ ಆದೇಶಗಳಿಗೆ ಸಹಿ ಹಾಕಿ ನನ್ನ ಮೇಜಿನ ಮೇಲೆ ಇಟ್ಟರು. "ಮೇಲಿಂದ ಹೆಸರು ಬರುತ್ತೆ, ತುಂಬಿಕೋ" ಎಂದರು. ಚಿನ್ನದ ಗಣಿಯಿಂದ ಮೂವರು ಬೇಕೆಂದು ಮೇಲಿಂದ ಬಂತು. ಹೆಸರು ಬಂದದ್ದು ಇಬ್ಬರದು. ಸಂಜೆಯೊಳಗೆ ಮೂರು ಕಳುಹಿಸಬೇಕಿತ್ತು.

ಮೇಜಿನ ಮೇಲೆ ಒಂದು ಅರ್ಜಿ ಇತ್ತು. ಬೇತಮಂಗಲದ ನೀರು ಸ್ಟೋನ್ ಲೈನಿನ ಕೊನೆಯ ಮನೆಗಳಿಗೆ ಬರುತ್ತಿಲ್ಲ, ಒಂದು ನಲ್ಲಿ ಹಾಕಿಸಿಕೊಡಿ ಎಂದು. ಹೆಸರು, ತಂದೆಯ ಹೆಸರು, ವಯಸ್ಸು, ಕೆಲಸ, ಮನೆ ನಂಬರ್ ೪೧, ಎಲ್ಲವನ್ನೂ ಒಂದೂ ಬಿಡದೆ ದುಂಡಗೆ ಬರೆಸಿದ್ದರು. ಆದೇಶ ತುಂಬಲು ಬೇಕಿದ್ದದ್ದು ಅಷ್ಟೇ. ನೋಡಿಕೊಂಡು ತುಂಬಿದೆ.

ಯಾರೂ ನಿಮ್ಮ ತಂದೆಯ ಹೆಸರು ಹೇಳಲಿಲ್ಲ, ಶ್ಯಾಮಲ ಅವರೇ. ಪಕ್ಕದ ಮನೆಯವರೂ ಅಲ್ಲ, ಅವರ ಅಣ್ಣನೂ ಅಲ್ಲ. ಅವರೇ ಪೂರ್ತಿ ವಿಳಾಸ ಕೊಟ್ಟು ನೀರು ಕೇಳಿದ್ದರು.

ಆಮೇಲೆ ಕಾರಣ ಬೇಕಲ್ಲ, ಕೂತು ಬರೆದೆ. ಗಣಿಯವರೆಂದರೆ ಪಾಳಿ, ಸೈರನ್, ಗಣಿಬಾಯಿ. ನಾನು ಗಣಿಬಾಯಿಯನ್ನು ಕಣ್ಣಾರೆ ಕಂಡವನೂ ಅಲ್ಲ. ಸಾಹೇಬರು ರಜೆಯಿಂದ ಬಂದು ಓದಿ ಬೆನ್ನು ತಟ್ಟಿದರು. ಆ ಟಿಪ್ಪಣಿಯನ್ನು ಮಾದರಿ ಕಡತಕ್ಕೆ ಸೇರಿಸಿದವನೂ ನಾನೇ. ಹೊಸಬರು ಬಂದಾಗಲೆಲ್ಲ "ಇದನ್ನು ನೋಡಿಕೊಂಡು ಬರೆಯಿರಿ" ಎಂದು ತೋರಿಸುತ್ತಿದ್ದೆ. ಅವರು ನೋಡಿಕೊಂಡು ಬರೆದರು, ಅವರದನ್ನು ಮುಂದಿನವರು ನೋಡಿಕೊಂಡರು. ಹೆಸರು ಬದಲಾಯಿತು, ವಾಕ್ಯ ಹಾಗೆಯೇ ಉಳಿಯಿತು. ನಲವತ್ತೊಂಬತ್ತು ವರ್ಷದ ಮೇಲೆ ಅದು ಪೆರುಮಾಳರ ಮಗನ ಮೇಲೆಯೇ ಬಂದು ಕೂತಿದೆ. ಮೊದಲ ಕಾಗದದಲ್ಲಿ ಸ್ಟೋನ್ ಲೈನ್ ಎಂದು ಓದಿದ್ದಕ್ಕೇ ನಾನು ತಂದೆಯ ಹೆಸರು, ಮನೆ ಸಂಖ್ಯೆ ಕೇಳಿದ್ದು.

ಮೂಲ ಟಿಪ್ಪಣಿಯ ಕಾರ್ಬನ್ ಪ್ರತಿ ನನ್ನ ಹತ್ತಿರ ಇದೆ. ಮೊದಲು ಹೆಮ್ಮೆಗೆ ಇಟ್ಟುಕೊಂಡೆ, ಆಮೇಲೆ ಹರಿಯಲು ಧೈರ್ಯ ಸಾಲಲಿಲ್ಲ. ತಾರೀಕು ಇದೆ, ಕಡತದ ಸಂಖ್ಯೆ ಇದೆ. ಇದರೊಂದಿಗೆ ಕಳುಹಿಸಿದ್ದೇನೆ. ಸರ್ಕಾರದ ಕಾಗದ ಮನೆಯಲ್ಲಿಟ್ಟುಕೊಂಡದ್ದಕ್ಕೆ ನನ್ನ ಮೇಲೆಯೇ ಕ್ರಮವಾಗಬಹುದು, ಪಿಂಚಣಿಯ ಗತಿ ನೋಡಿಕೋ ಎಂದು ಮಗ ಕೂಗಾಡುತ್ತಿದ್ದಾನೆ. ಕಿವಿ ಮಂದವಾಗಿರುವುದು ಇವತ್ತು ಉಪಯೋಗಕ್ಕೆ ಬಂತು.

ಕ್ಷಮಿಸಿ ಎಂದು ಬರೆಯಲು ಮೂರು ಸಲ ಪೆನ್ನು ಹಿಡಿದೆ. ಅದಕ್ಕೆ ನನಗೆ ಹಕ್ಕಿಲ್ಲ.

ಹನುಮಂತರಾಯಪ್ಪ

*

ಕೆ.ಜಿ.ಎಫ್.
೪ ಸೆಪ್ಟೆಂಬರ್ ೨೦೨೫

ಹನುಮಂತರಾಯಪ್ಪನವರೇ,

ನಿಮ್ಮ ಕಾಗದ ಮಂಗಳವಾರ ಬಂತು. ಎರಡು ದಿನ ಅಮ್ಮನಿಗೆ ಹೇಳಲಿಲ್ಲ. ಹೇಗೆ ಹೇಳಲಿ? ಇವತ್ತು ಓದಿದೆ. ಪೂರ್ತಿ ಕೇಳಿದಳು. ನಡುವೆ ಒಂದೇ ಸಲ ಬಾಯಿಬಿಟ್ಟಳು: "ನೀರು ಕೇಳಿದ್ದಕ್ಕಾ?"

ಆಮೇಲೆ ಎದ್ದು, ಕೋಲೂರಿಕೊಂಡು, ಮೂರು ಮನೆ ಆಚೆ ಇರುವ ದೊಡ್ಡಪ್ಪನ ಮನೆಗೆ ಹೋದಳು. ನಲವತ್ತೆಂಟು ವರ್ಷದ ಮೇಲೆ. ದೊಡ್ಡಪ್ಪ ಇಲ್ಲ, ದೊಡ್ಡಮ್ಮ ಇದ್ದಾಳೆ. ಇಬ್ಬರೂ ಏನು ಮಾತಾಡಿದರೋ, ವಾಪಸು ಬರುವಾಗ ದೊಡ್ಡಮ್ಮನೂ ನಮ್ಮ ಬಾಗಿಲವರೆಗೆ ಜೊತೆಗೆ ಬಂದಳು, ಇಬ್ಬರ ಕಣ್ಣೂ ಕೆಂಪಾಗಿತ್ತು.

ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟಿದೆ ಎಂದರೆ, ಅದನ್ನು ಇಲ್ಲಿ ಬರೆಯಲು ಹೋದರೆ ಟೈಪು ಮಾಡಬೇಕಾದ ಕೆಲಸ ಕೆಡುತ್ತದೆ. ಅದು ಹಾಗೇ ಇರಲಿ, ಎಲ್ಲಿಗೂ ಓಡಿಹೋಗುವುದಿಲ್ಲ. ಈಗ ಕೆಲಸ.

ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ನಾಲ್ಕನೇ ಕಾರಣ ಒಂದಕ್ಷರವೂ ಬದಲಾಗಿಲ್ಲ. ಎರಡನೆಯದೂ ಐದನೆಯದೂ ಮುಕ್ಕಾಲುಪಾಲು ನಿಮ್ಮವೇ. ಆದರೆ ಯಾರೋ ತಂದ ಕಾರ್ಬನ್ ಪ್ರತಿಯನ್ನು ನಕಲಿ ಎಂದು ತಳ್ಳಿಹಾಕುವುದು ಸುಲಭವೆಂದು ವೇಣುಗೋಪಾಲ್ ಹೇಳುತ್ತಾರೆ. ಬರೆದವರೇ ಬಂದು ಹೇಳಿದರೆ ತಳ್ಳಲಾಗುವುದಿಲ್ಲ. ಬಂಧಿತರ ಪರ ಸಾಕ್ಷಿ ತರಬಹುದೆಂದು ಹೇಳಿಕೊಟ್ಟವರು ನೀವೇ.

ಎಂಟನೇ ತಾರೀಕು, ಸೋಮವಾರ, ಬೆಳಿಗ್ಗೆ ಹತ್ತೂವರೆ. ವಿಳಾಸ ಹಿಂಬದಿಯಲ್ಲಿದೆ. ಸ್ಪೀಡ್ ಪೋಸ್ಟ್ ಶನಿವಾರ ತಲುಪಬೇಕು. ಉತ್ತರ ಬರೆದರೆ ನನಗೆ ಸಿಗುವ ಹೊತ್ತಿಗೆ ಕಾಲ ಮೀರಿರುತ್ತದೆ. ಆದ್ದರಿಂದ ಬರೆಯಬೇಡಿ, ಬನ್ನಿ.

ಶ್ಯಾಮಲ

*

ಕೆ.ಜಿ.ಎಫ್.
೨೪ ಸೆಪ್ಟೆಂಬರ್ ೨೦೨೫

ಹನುಮಂತರಾಯಪ್ಪನವರಿಗೆ,

ಅವತ್ತು ನೀವು ಸಾಕ್ಷಿ ಹೇಳಿ ಹಾಗೆಯೇ ಹೊರಟುಹೋದಿರಿ. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಆಟೋ ತಿರುಗಿತ್ತು. ಕೂಗಿದೆ, ನಿಮಗೆ ಕೇಳಿಸಲಿಲ್ಲ. ಅಥವಾ ಕೇಳಿಸಿಕೊಳ್ಳಲಿಲ್ಲ.

ಮುನೀಂದ್ರ ಶನಿವಾರ ಮನೆಗೆ ಬಂದ. ಬಂಧನಕ್ಕೆ ಸಾಕಷ್ಟು ಕಾರಣವಿಲ್ಲವೆಂದು ಮಂಡಳಿ ಬರೆಯಿತಂತೆ, ಆದೇಶ ರದ್ದಾಯಿತು. ಎಂಟು ಕಿಲೋ ಇಳಿದಿದ್ದಾನೆ, ಬಾಯಿ ಮಾತ್ರ ಒಂದು ಗ್ರಾಮೂ ಇಳಿದಿಲ್ಲ. ಆ ಕೋಣೆಯಲ್ಲಿ ನೀವು ನಿಂತದ್ದನ್ನೇ ಎಲ್ಲರಿಗೂ ಹೇಳುತ್ತಿದ್ದಾನೆ. ನಡುವೆ ಕೂತಿದ್ದ ನ್ಯಾಯಮೂರ್ತಿಗಳು "ನಲವತ್ತೊಂಬತ್ತು ವರ್ಷದ ಮೇಲೆ ಇದನ್ನು ನಿಮ್ಮದೇ ವಾಕ್ಯವೆಂದು ಹೇಗೆ ಹೇಳುತ್ತೀರಿ?" ಎಂದು ಕೇಳಿದಾಗ, ನೀವು ಕಾಗದ ಮಡಚಿ ಕೆಳಗಿಟ್ಟು ಕಣ್ಣುಮುಚ್ಚಿ ಇಡೀ ಪುಟ ಒಪ್ಪಿಸಿದಿರಲ್ಲ, ಆಮೇಲೆ "ಮಹಾಸ್ವಾಮಿ, ಇದರಲ್ಲಿ ಹೆಸರೊಂದು ಬಿಟ್ಟು ನಿಜ ಯಾವುದೂ ಇಲ್ಲ" ಎಂದಿರಲ್ಲ, ಅದನ್ನು. "ಅಕ್ಕಾ, ಆ ಮುದುಕಪ್ಪ ಅಳ್ತಾ ಇದ್ರು. ಆದ್ರೆ ಗಂಟ್ಲು ಒಂಚೂರೂ ಅಲ್ಲಾಡ್ಲಿಲ್ಲ ಕಣೆ" ಎನ್ನುತ್ತಾನೆ.

ಐದು ಜನ ನಿಲ್ಲಬಾರದೆಂಬ ಆದೇಶ ಇನ್ನೂ ಇದೆ. ಮೊನ್ನೆ ಏಳನೇ ಸಲ ಮುಂದುವರಿಸಿದರು. ಅಳತೆಯ ಜೀಪೂ ಮತ್ತೆ ಬರುತ್ತದೆ. ಮುನೀಂದ್ರ ಬಂದ ಮಾರನೇ ದಿನವೇ ಹೊಸ ಅರ್ಜಿ ಬರೆಸಲು ಕೂತ. ಹೆಸರು, ತಂದೆಯ ಹೆಸರು ಪೆರುಮಾಳ್, ಮನೆ ನಂಬರ್ ೪೧, ಒಂದೂ ಬಿಡದೆ. ನನ್ನ ಕೈ ಒಂದು ಗಳಿಗೆ ನಿಂತಿತು, ನಿಜ ಹೇಳುತ್ತೇನೆ. ಆಮೇಲೆ ಟೈಪು ಮಾಡಿದೆ. ಲೈನಿನ ನೂರಾಹನ್ನೆರಡು ಮನೆಯವರೂ ಒಂದೊಂದು ಅರ್ಜಿ ಕೊಡುತ್ತಿದ್ದೇವೆ. ನಾಲ್ಕು ನಾಲ್ಕು ಜನ ಹೋಗಿ, ಒಬ್ಬೊಬ್ಬರೂ ಮೊಹರು ಒತ್ತಿಸಿಕೊಂಡು ಬರುತ್ತಿದ್ದೇವೆ. ಇಪ್ಪತ್ತೆಂಟು ಸಲ.

ಸಿಟ್ಟು ಹೋಯಿತೇ ಎಂದು ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಹೋಗಿಲ್ಲ. ಆದರೆ ತಮ್ಮ ಅನ್ನ ಕಲಸುತ್ತಾ ನಗುವುದನ್ನು ನೋಡುವಾಗ ನಿಮ್ಮ ನೆನಪೂ ಬರುತ್ತದೆ.

ಇನ್ನು ಅಮ್ಮನ ಕೆಲಸವೊಂದಿದೆ. ಆ ಕಾರ್ಬನ್ ಪ್ರತಿಯನ್ನು ಮಂಡಳಿಯಿಂದ ವಾಪಸು ಪಡೆದು ಮನೆಗೆ ತಂದಿದ್ದೇನೆ. ಅದನ್ನು ಹರಿದುಹಾಕೋಣವೇ ಎಂದು ಕೇಳಿದೆ. "ಬೇಡ" ಎಂದಳು. "ಬರ್ದೋರ ಅತ್ರಾನೇ ಕಳ್ಸು. ಅದು ಸುಳ್ಳು ಅಂತ ಅದ್ರ ಕೆಳಗೇ ಅವ್ರ ಕೈಯಾಗೆ ಬರೀಲಿ. ನಿಮ್ಮಪ್ಪನ ಪಟದ ಪಕ್ಕ ಕಟ್ಟಾಕ್ಸ್ತೀನಿ." ಲಗತ್ತಿಸಿದ್ದೇನೆ.

ಶ್ಯಾಮಲ

*

ಮಧುಗಿರಿ
೨೯-೯-೨೦೨೫

ವಿಷಯ: ದಿವಂಗತ ಪೆರುಮಾಳ್, ಮನೆ ಸಂಖ್ಯೆ ೪೧, ಸ್ಟೋನ್ ಲೈನ್, ಇವರ ಬಂಧನದ ಕಾರಣಗಳು.
ಉಲ್ಲೇಖ: ೧) ೧೯೭೬ರ ಫೆಬ್ರವರಿಯಲ್ಲಿ ನಾನು ಬರೆದ ಟಿಪ್ಪಣಿ. ೨) ಶ್ರೀಮತಿ ಮಾರಿಯಮ್ಮನವರ ಆಜ್ಞೆ.

ಉಲ್ಲೇಖ ಒಂದರಲ್ಲಿರುವ ಆರೂ ಕಾರಣಗಳು ಸುಳ್ಳು. ಅವುಗಳನ್ನು ಹನುಮಂತರಾಯಪ್ಪನಾದ ನಾನು, ಒಬ್ಬನೇ ಕೂತು, ಕಲ್ಪಿಸಿ ಬರೆದೆ. ಪೆರುಮಾಳ್ ಅವರು ಯಾವ ಪಾಳಿಯಲ್ಲೂ, ಯಾವ ಗಣಿಬಾಯಿಯಲ್ಲೂ, ಯಾರನ್ನೂ ಪ್ರಚೋದಿಸಿದವರಲ್ಲ. ಅವರನ್ನು ಬೇರೆ ಯಾರೂ ದೂರಿರಲಿಲ್ಲ. ಅವರು ಏನು ಮಾಡಿದರೆಂದರೆ, ತಮ್ಮ ಲೈನಿಗೆ ಒಂದು ನಲ್ಲಿ ಹಾಕಿಸಿಕೊಡಿ ಎಂದು ಅರ್ಜಿ ಕೊಟ್ಟರು. ಅವರು ಮಾಡಿದ್ದು ಅಷ್ಟೇ.

ಅಮ್ಮನವರು ಕೇಳಿದಂತೆ ಇದನ್ನು ಟಿಪ್ಪಣಿಯ ಕೆಳಗೇ ನನ್ನ ಕೈಬರಹದಲ್ಲಿ ಬರೆದು ಕಳುಹಿಸಿದ್ದೇನೆ. ಮೊದಲು ಪೂರ್ತಿ ಬರೆದೆ. ಎರಡು ಸಲ ಓದಿದೆ. ಆಮೇಲೆ ಸಹಿ ಹಾಕಿದೆ.

ಹನುಮಂತರಾಯಪ್ಪ